ನಾಗವೇಣಿಯ ಕಂಪ್ಯೂಟರೂ ನೀನು ನೀರು ಹೊಯ್ಯುತ್ತಿದ್ದ ಜಾಗವೂ

ಪ್ರೀತಿಯ ತಮ್ಮ ಎರ್ರಿಸ್ವಾಮಿಗೆ ಅಕ್ಕ ಗಂಗಮ್ಮನ ಆಶೀರ್ವಾದಗಳು.

ನೀನು ಹೇಗಿದ್ದೀಯ? ಅವ್ವ ತಿಪ್ಪಮ್ಮನ ಕೆಮ್ಮು ಅಲ್ಲಿಯಾದರೂ ನಿಂತಿತೇ? ಅಪ್ಪ ಮಾರೆಪ್ಪ ಅಲ್ಲೂ ಬೆಳಕು ಹರಿಯುವ ಮುಂಚೆ ಎದ್ದು ರೊಪ್ಪದ ಬಾಗಿಲಲ್ಲಿ ನಿಂತು ಕುರಿಗಳನ್ನು ಬೈಯುತ್ತಾನೋ? ನಿನ್ನ ಭಾವನವರ ಮೊಣಕಾಲು ನೋವು ಹೇಗಿದೆ? ಅವರ ಹೆಸರು ಬರೆಯಲು ಈಗಲೂ ಕೈ ಬರುವುದಿಲ್ಲ ನೋಡು. ಇಲ್ಲಿ ನಿನ್ನ ಹೆಂಡತಿ ಹನುಮಕ್ಕ ಚೆನ್ನಾಗಿದ್ದಾಳೆ. ನಿನ್ನ ಮಗಳು ನಾಗವೇಣಿ ಇದ್ದಾಳೆ. ಇದ್ದಾಳೆ, ತಮ್ಮಾ. ಆ ಮಾತನ್ನು ಎರಡು ಸಲ ಯಾಕೆ ಬರೆದೆ ಅನ್ನುವುದನ್ನು ಹೇಳುವುದಕ್ಕೇ ಈ ಕಾಗದ.

ನಿನ್ನ ರಾಯದುರ್ಗದ ಮನೆಯಲ್ಲಿ, ನೀನು ಮೋಟಾರು ಬಿಚ್ಚುತ್ತಿದ್ದ ಅದೇ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಗ್ರೀಸಿನ ಕಲೆ ಇನ್ನೂ ಹೋಗಿಲ್ಲ. ಮಡಕಶಿರದ ನನ್ನ ಮನೆಯಿಂದ ತಿಂಗಳಿಗೊಂದು ಕಾಗದ ಹಾಕಿದರೆ ನೀನು ನಗುತ್ತಿದ್ದೆ: "ಫೋನ್ ಐತಲ್ಲಕ್ಕ, ಯಾಕ ಬರೀತಿ?" ಫೋನಿನಲ್ಲಿ ಆಡಿದ ಮಾತು ಇಟ್ಟ ಕೂಡಲೇ ಹೋಗುತ್ತದೆ. ನಿನ್ನ ಒಂದನೇ ಕ್ಲಾಸಿನ ಪುಸ್ತಕ ಸೆರಗಿನಲ್ಲಿ ಬಚ್ಚಿಟ್ಟುಕೊಂಡು ಕುರಿ ಹಿಂದೆ ಹೋಗಿ ಅಕ್ಷರ ಕಲಿತವಳು ನಾನು. ಕಲಿತದ್ದನ್ನು ಬಳಸಬೇಡವೇ? ಆದರೆ ನೀನು ಹೋದ ಮೂರು ವರ್ಷದಲ್ಲಿ ಒಂದು ಸಾಲೂ ಬರೆದಿರಲಿಲ್ಲ. ಯಾವ ವಿಳಾಸಕ್ಕೆ ಅಂತ... ಇವತ್ತು ಬರೆಯದೆ ಇರಲಾಗುತ್ತಿಲ್ಲ. ರೂಢಿ ತಪ್ಪಿದೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ನಾಗವೇಣಿ ಚಿಕ್ಕವಳಿದ್ದಾಗ ನಿನ್ನ ಫೋನು ಕಿತ್ತುಕೊಂಡು ಕಾರು ಓಡಿಸುವ ಆಟ ಆಡುತ್ತಿದ್ದಳಲ್ಲ, ನೆನಪಿದೆಯೇ? ಆ ಆಟ ಬಿಟ್ಟಿಲ್ಲ. ಹಗಲು ಜೀನ್ಸ್ ಹೊಲಿಯುವ ಕಡೆ ಕೆಲಸಕ್ಕೆ ಹೋಗುತ್ತಾಳೆ. ಸಂಜೆ ಬಂದು ಮುಖ ತೊಳೆದು ಕಂಪ್ಯೂಟರಿನಲ್ಲಿ ಲಾರಿ ಓಡಿಸುತ್ತಾಳೆ. ಸುಮ್ಮನೆ ಓಡಿಸುವುದಲ್ಲ, ಓಡಿಸುತ್ತಿರುವುದನ್ನು ಅದೇ ಗಳಿಗೆಯಲ್ಲಿ ಊರೂರಿನವರು ಫೋನಿನಲ್ಲಿ ನೋಡುತ್ತಾರೆ. ಅದಕ್ಕೆ ಸ್ಟ್ರೀಮಿಂಗ್ ಅನ್ನುತ್ತಾರಂತೆ. ಮೊದಲ ದಿನ ನೋಡಿದಾಗ ನಾನು ಬಾಯಿ ಬಿಟ್ಟುಕೊಂಡು ಕೂತಿದ್ದೆ. ತೆರೆಯ ಮೇಲೆ ಯಾವುದೋ ದೇಶದ ಹಿಮ ಬಿದ್ದ ಬೆಟ್ಟ, ಇವಳ ಬಾಯಲ್ಲಿ ಮಾತ್ರ ನಮ್ಮ ರಸ್ತೆ! "ಡ್ರೈವರ್ ನಾಗವೇಣಿ ಮಾತಾಡಾಕತ್ತೀನ್ರಿ. ಡಿ. ಹಿರೇಹಾಳ್ ದಾಟಿವಿ ನೋಡ್ರಿ. ಅಗಾ, ಎಡಕ್ಕ ನೇಮಕಲ್ಲು ಆಂಜನೇಯ, ಸ್ಟೇರಿಂಗ್ ಬಿಡದಂಗ ಒಂದ ಕೈಲೆ ನಮಸ್ಕಾರ ಮಾಡ್ರಿ!" ನಿಜವಾದ ಲಾರಿ ಡ್ರೈವರುಗಳೇ ಚಹಾದಂಗಡಿಯಲ್ಲಿ ಕೂತು ನೋಡುತ್ತಾರೆ. "ಗೇರ್ ಇಳಿಸವ್ವ, ಏರು ಐತಿ" ಎಂದು ಬರೆದು ಕಳಿಸುತ್ತಾರೆ. ತೆಲುಗಿನಲ್ಲಿ ಕೇಳಿದವರಿಗೆ ತೆಲುಗಿನಲ್ಲೇ ಉತ್ತರ. ಮನೆಗೆ ಬಂದ ನೆಂಟರೆದುರು ನಾಲ್ಕು ಮಾತಾಡಲು ಒದ್ದಾಡುತ್ತಿದ್ದ ನಿನ್ನ ಮಗಳು ಇವಳೇನಾ ಅನ್ನಿಸಿತು. ಈ ಸಂಗತಿ ನಿನಗೆ ಗೊತ್ತೇ ಇರಲಿಲ್ಲ, ಅಲ್ಲವೇ?

ಅವಳ ಹಳೆಯ ಕಂಪ್ಯೂಟರು ನಡುರಸ್ತೆಯಲ್ಲಿ ಲಾರಿ ನಿಲ್ಲಿಸಿಬಿಡುತ್ತಿತ್ತು. ಚಿತ್ರ ಕಲ್ಲಾಗುತ್ತಿತ್ತು, ಮಾತು ತುಂಡುತುಂಡಾಗುತ್ತಿತ್ತು, ನೋಡುವವರು ಒಬ್ಬೊಬ್ಬರೇ ಎದ್ದು ಹೋಗುತ್ತಿದ್ದರು. "ಆಡೋದು ಒಂದು ಕೆಲಸ ಅತ್ತಿ, ಆಡೋದನ್ನ ಲೋಕಕ್ಕ ತೋರಸೋದು ಇನ್ನೊಂದು. ಎರಡೂ ಒಟ್ಟಿಗೆ ಮಾಡೋ ತಾಕತ್ತು ಇದಕ್ಕಿಲ್ಲ" ಅಂದಳು. ನನಗೆ ಅರ್ಥವಾಯಿತು. ನಾವು ಕುರಿ ಹಿಂದೆ ನಡೆಯುತ್ತಲೇ ಉಣ್ಣೆ ನೂಲುತ್ತಿರಲಿಲ್ಲವೇ? ಕಣ್ಣು ಮಂದೆಯ ಮೇಲೆ, ಬೆರಳು ಎಳೆಯ ಮೇಲೆ. ಅದಕ್ಕೆ ಬೇರೆ ಥರದ ಆಳೇ ಬೇಕು. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವುದು ಬೇಡ, ಒಂದೊಂದು ಭಾಗವನ್ನೂ ತಾನೇ ಆರಿಸಿ ಜೋಡಿಸುತ್ತೇನೆ ಎಂದು ಹಟ ಹಿಡಿದಳು. ಎರಡು ವರ್ಷ ಹೊಸ ಬಟ್ಟೆ ಸಹ ತೆಗೆದುಕೊಳ್ಳದೆ ಕೂಡಿಟ್ಟಿದ್ದಳು ಪಾಪ. ಹನುಮಕ್ಕ "ಇಷ್ಟೆಲ್ಲ ಒಂದು ಆಟಕ್ಕೇನ?" ಎಂದು ಗೊಣಗಿದಳು. ನಾನೇ ಮಗಳ ಕಡೆ ಮಾತಾಡಿ ಬಳ್ಳಾರಿಗೆ ಜೊತೆಗೆ ಹೊರಟೆ. ಅದನ್ನೂ ನೆನಪಿಟ್ಟುಕೋ. ಮುಂದೆ ಬೇಕಾಗುತ್ತದೆ.

ಬಳ್ಳಾರಿಯ ಆ ಅಂಗಡಿಯಲ್ಲಿ ಕಾಲಿಟ್ಟ ಕೂಡಲೇ ನನಗೆ ನೀನು ಕುರಿ ಸಂತೆಯಲ್ಲಿ ಅಪ್ಪನ ಹಿಂದೆ ನಿಲ್ಲುತ್ತಿದ್ದದ್ದು ನೆನಪಾಯಿತು. ನಾಗವೇಣಿಯ ಕೈಯಲ್ಲಿ ಉದ್ದನೆಯ ನೋಟ್‌ಬುಕ್ಕು. ತಿಂಗಳುಗಟ್ಟಲೆ ಓದಿ, ಹೊಡೆದುಹಾಕಿ, ಮತ್ತೆ ಬರೆದ ಪಟ್ಟಿ. ಲೆಕ್ಕ ಮಾಡುವ ತಲೆ ಪ್ರೊಸೆಸರ್ ಅಂತೆ, ಎಲ್ಲವನ್ನೂ ಹೊತ್ತುಕೊಳ್ಳುವ ಹಲಗೆ ಮದರ್‌ಬೋರ್ಡ್ ಅಂತೆ, ಚಿತ್ರ ಬಿಡಿಸುವುದು ಗ್ರಾಫಿಕ್ಸ್ ಕಾರ್ಡ್ ಅಂತೆ. ಆ ಕಾರ್ಡು ಇಟ್ಟಿಗೆಯಷ್ಟು ದಪ್ಪ, ಅದಕ್ಕೇ ಮೂರು ಫ್ಯಾನು! ನಾನು ಎತ್ತಿ ನೋಡಿ ಬೆಚ್ಚಿದೆ. ಅಂಗಡಿಯವನು ಹೊಟ್ಟೆ ಕುಣಿಸುತ್ತ ನಗುವ ಮನುಷ್ಯ. ಮೂರು ಕಡೆ ಗಾಜಿರುವ ಪೆಟ್ಟಿಗೆ ತಂದು ಮುಂದಿಟ್ಟ. ಒಳಗೆ ಕೆಂಪು ಹಸಿರು ದೀಪ.

"ನೋಡಮ್ಮ, ಎಲ್ಲರೂ ಇದನ್ನ ಕೇಳ್ತಾರ. ಒಳಗಿಂದೆಲ್ಲ ಕಾಣ್ತೈತಿ."

"ಕರುಳು ಕಾಣಂಗೆ ಯಾಕಪ್ಪ ಇಡ್ತಾರೆ?" ಅಂದೆ ನಾನು.

"ಅಜ್ಜಿ ಹೇಳೋದು ಖರೇ ಐತಿ" ಎಂದು ಅವನು ನಕ್ಕ. "ಆದ್ರ ಈಗಿನ ಹುಡುಗ್ರಿಗೆ ಕರುಳೇ ಬೇಕ್ರಿ."

"ನಂಗ ಬ್ಯಾಡ್ರಿ" ಅಂದಳು ನಾಗವೇಣಿ. "ನಮ್ಮೂರಾಗ ಬ್ಯಾಸಿಗಿ ಹೆಂಗಿರ್ತೈತಿ ಗೊತ್ತೈತಲ್ಲ? ಮುಂದ ಜಾಲರಿ ಇರೋ ಕಬ್ಬಿಣದ್ದು ಕೊಡ್ರಿ. ಮುಂದಿಂದ ಗಾಳಿ ಹೊಕ್ಕು ಹಿಂದಕ್ಕ ಹೋಗ್ಬೇಕು."

ನಾನು ಅವಳನ್ನೇ ನೋಡಿದೆ. ಅಪ್ಪ ರೊಪ್ಪ ಕಟ್ಟುವಾಗ ಹೇಳುತ್ತಿದ್ದದ್ದೂ ಇದೇ ತಾನೇ? ಗಾಳಿ ಒಳಗೇ ಸುತ್ತಿದರೆ ಮರಿಗಳು ಸಾಯುತ್ತವೆ ಎಂದು ಎದುರುಬದುರು ಕಂಡಿ ಬಿಡಿಸುತ್ತಿದ್ದ. "ಜಾಲರೀದೇ ಕೊಡಪ್ಪ" ಅಂದೆ. ಕಬ್ಬಿಣವೇ ಆಗಲಿ ಎಂದು ನಾನೂ ಬಾಯಿ ಹಾಕಿದೆ, ತಮ್ಮಾ.

ಕೊನೆಗೆ ಬಂತು ಎಸ್‌ಎಂಪಿಎಸ್ ಅನ್ನುವುದು. ಗೋಡೆಯ ಕರೆಂಟನ್ನು ಹಿಡಿದು, ಪಳಗಿಸಿ, ಒಳಗಿನ ಭಾಗಗಳಿಗೆಲ್ಲ ಹಂಚುವ ಕರಿ ಡಬ್ಬ. ಅಂಗಡಿಯವನು ಸಾಧಾರಣದ್ದು ಕೊಟ್ಟು, ಉಳಿದದ್ದರಲ್ಲಿ ಬಣ್ಣ ಬದಲಾಯಿಸುವ ರ್ಯಾಮ್ ಹಾಕಿಸಿಕೋ ಅಂದ. ಇವಳು ಒಪ್ಪಲೇ ಇಲ್ಲ. ದೀಪವಿಲ್ಲದ ಬೋಳು ರ್ಯಾಮ್ ಸಾಕು, ಈ ಡಬ್ಬ ಮಾತ್ರ ಇದ್ದುದರಲ್ಲಿ ಒಳ್ಳೆಯದಾಗಬೇಕು. "ಯಾಕಮ್ಮ, ಇದನ್ನ ಯಾರೂ ನೋಡಲ್ಲ" ಅಂದ ಅವನು. ಆಗ ನಿನ್ನ ಮಗಳು ಅಂದಳು: "ನಮ್ಮಪ್ಪ ಮೋಟಾರ್ ರಿಪೇರಿ ಮಾಡ್ತಿದ್ದ್ರಿ. ಮೋಟಾರ್ ಕೆಟ್ಟಿಲ್ಲ ಅಂತ ತಿಳ್ಕೊಂಡು ಶುರು ಮಾಡು, ಮೊದ್ಲು ಕರೆಂಟ್ ಬರೋ ದಾರಿ ನೋಡು ಅಂತಿದ್ದ."

ನಿನ್ನ ಮಾತು ಅವಳ ಕಿವಿಗೆ ಬಿದ್ದಿತ್ತೇ? ನೀನು ಕೆಲಸ ಮಾಡುವಾಗ ಅವಳು ಫೋನು ಹಿಡಿದು ಮೂಲೆಯಲ್ಲಿ ಕೂತಿರುತ್ತಿದ್ದಳು. ಕೇಳಿಸಿಕೊಳ್ಳುತ್ತಿದ್ದಾಳೆ ಅಂತ ನೀನಾದರೂ ಅಂದುಕೊಂಡಿದ್ದೆಯಾ?

ಜೋಡಿಸಿದ ದಿನ ನೀನು ಇರಬೇಕಿತ್ತು. ಇದೇ ಮೇಜು, ನಿನ್ನದೇ ಸ್ಕ್ರೂಡ್ರೈವರು. ಹನುಮಕ್ಕ ಕುಂಕುಮದ ಬಟ್ಟಲು ಹಿಡಿದು ಬಂದು ಮದರ್‌ಬೋರ್ಡಿಗೇ ಬೊಟ್ಟಿಡಲು ಹೋದಳು. "ಅವ್ವಾ, ಒಳಗ ಬ್ಯಾಡ, ಡಬ್ಬಕ್ಕ ಹಚ್ಚು!" ಎಂದು ಇವಳು ಕಿರುಚಿದ ಕಿರುಚಿಗೆ ಪಕ್ಕದ ಮನೆಯ ಸುಂಕಮ್ಮ ಓಡಿ ಬಂದಳು. ಸ್ವಿಚ್ಚು ಹಾಕಿದಾಗ ಆ ಮೂರು ಫ್ಯಾನೂ ಒಟ್ಟಿಗೆ ತಿರುಗಿದವು. ಆ ಸಂಜೆ ಲಾರಿ ಒಂದು ಕಡೆಯೂ ನಿಲ್ಲದೆ ಬೆಟ್ಟ ಏರಿತು. ನೋಡುವವರು ಹೂವಿನ ಚಿತ್ರ ಕಳಿಸಿದರು.

ಮಾರನೆಯ ದಿನ ಅವಳಿಗೆ ರಜೆ. ಅಂದು ಬೆಳಿಗ್ಗೆ ನಾನು ಬಾಗಿಲ ಬಳಿ ಸೊಪ್ಪು ಸೋಸುತ್ತ ಕೂತಿದ್ದೆ. ಬಂಡೆ ನೆಲ ಒರೆಸಿ ಇನ್ನೂ ಒಣಗಿರಲಿಲ್ಲ. ಅಡುಗೆಮನೆಯಲ್ಲಿ ಹನುಮಕ್ಕ ಗ್ರೈಂಡರಿಗೆ ಅಕ್ಕಿ ಹಾಕಿ ಸ್ವಿಚ್ಚು ಒತ್ತಿದಳು. ಇಲ್ಲಿ ನಾಗವೇಣಿ, ಬರಿಗಾಲಲ್ಲಿ, ಮೈಕಿನ ತಂತಿ ಸಿಕ್ಕಿಸಲು ಬಗ್ಗಿ ಕಂಪ್ಯೂಟರಿನ ಬೆನ್ನಿಗೆ ಕೈ ಇಟ್ಟಳು. ಅಷ್ಟೇ. ಕೂಗಲೂ ಇಲ್ಲ. ಎದೆಯಿಂದ ಗಾಳಿ ಕಿತ್ತ ಹಾಗೆ ಒಂದು ಸದ್ದು. ಹಿಂದಕ್ಕೆ ಬಿದ್ದಳು, ತಲೆ ಚೌಕಟ್ಟಿಗೆ ಬಡಿಯಿತು. ತುಟಿ ಬೆಳ್ಳಗೆ. ಕಣ್ಣು ತೆರೆದೇ ಇತ್ತು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ಎಷ್ಟು ಹೊತ್ತು? ನನಗೆ ಗೊತ್ತಿಲ್ಲ. ಮಡಿಲಲ್ಲಿದ್ದ ಸೊಪ್ಪು ಹಾಗೇ ಹಿಡಿದುಕೊಂಡು ನಿಂತಿದ್ದೆ, ಅದನ್ನು ಕೆಳಗೆ ಹಾಕಬೇಕು ಅನ್ನುವುದೂ ಹೊಳೆಯಲಿಲ್ಲ. ಆಮೇಲೆ "ಅತ್ತೀ..." ಅಂದಳು. ಡಾಕ್ಟರು ನೋಡಿ ಎದೆ ಸರಿಯಾಗಿದೆ, ತಲೆಗೆ ಬರೀ ಬುಗುಟು ಅಂದರು. ನನ್ನ ಎದೆ ಸರಿಯಾಗಿತ್ತೋ ಇಲ್ಲವೋ ಯಾರೂ ನೋಡಲಿಲ್ಲ.

ಹನುಮಕ್ಕ ಅತ್ತು ಕೂಗಾಡಲಿಲ್ಲ. ಅಟ್ಟದಿಂದ ಕಂಬಳಿ ಇಳಿಸಿ ಕಂಪ್ಯೂಟರಿನ ಮೇಲೆ ಹೊದಿಸಿದಳು, ಹೆಣಕ್ಕೆ ಹೊದಿಸಿದ ಹಾಗೆ. "ನಾಳಿಗಿ ಇದು ಬಳ್ಳಾರಿಗಿ ವಾಪಸ್ ಹೋಗ್ಬೇಕು. ಆ ಆಟಾನೂ ಬ್ಯಾಡ, ಮಾತಾಡೋದೂ ಬ್ಯಾಡ. ಗಂಡನ್ನ ಕಳ್ಕೊಂಡೀನಿ, ಮಗಳನ್ನ ಕಳ್ಕೊಳ್ಳಾಕ ಆಗಲ್ರಿ ಅಕ್ಕ." ನಾಗವೇಣಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. "ಪಾರ್ಟ್ ಎಲ್ಲಾ ಛಲೋ ಅದಾವ್ ಅವ್ವಾ. ನಾನ ನೋಡಿ ಆರಿಸೀನಿ" ಎಂದು ಒಂದೇ ಮಾತು, ಗೋಡೆಗೇ ಹೇಳಿದಳು. ಆಮೇಲೆ ಊಟಕ್ಕೂ ಏಳಲಿಲ್ಲ. ವಾಪಸು ಕೊಟ್ಟರೆ ಅವಳು ಬದುಕುತ್ತಾಳೆ, ನಿಜ. ಆದರೆ ಆ "ಡ್ರೈವರ್ ನಾಗವೇಣಿ" ಇರುತ್ತಾಳೆಯೇ? ನೆಂಟರೆದುರು ತಲೆ ತಗ್ಗಿಸುವ ಆ ಹಳೆಯ ಹುಡುಗಿಯೇ ಮತ್ತೆ...

ನಿನ್ನ ಶಿಷ್ಯ ಖಾಜಾನನ್ನು ಕರೆಸಿದ್ದು ನಾನೇ. ಅವನ ಗಡ್ಡವೂ ಬೆಳ್ಳಗಾಗಿದೆ ಈಗ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ನಿನ್ನ ಫೋಟೋಗೆ ಕೈ ಎತ್ತಿ, "ನಮ್ಮ ಉಸ್ತಾದರ ಮನ್ಯಾಗ ಶಾಕ್ ಹೊಡೀತಂದ್ರ ನಾ ನಂಬಲ್ರಿ" ಅಂದ. ಕಂಬಳಿ ತೆಗೆದು ಕಂಪ್ಯೂಟರನ್ನು ನೋಡಲೇ ಇಲ್ಲ. ನೇರ ಗೋಡೆಯ ಪಾಯಿಂಟಿನ ಹತ್ತಿರ ಕೂತ. ಕರೆಂಟು ಬರುವ ದಾರಿ ಮೊದಲು! ಹೋಲ್ಡರಿಗೆ ಸಿಕ್ಕಿಸಿದ ಬಲ್ಬೊಂದನ್ನು ಚೀಲದಿಂದ ತೆಗೆದ, ಅದರ ಒಂದು ತಂತಿಯನ್ನು ಕರೆಂಟಿನ ತೂತಿಗೆ, ಇನ್ನೊಂದನ್ನು ಮೇಲಿನ ದೊಡ್ಡ ತೂತಿಗೆ ಇಟ್ಟ. ಅದು ಅರ್ತ್ ತೂತು, ಅರ್ತ್ ಸರಿ ಇದ್ದರೆ ಬಲ್ಬು ಹತ್ತಬೇಕಂತೆ. ಬಲ್ಬು ಹತ್ತಲಿಲ್ಲ. ಇನ್ನೊಂದು ಪಾಯಿಂಟು. ಅಲ್ಲೂ ಹತ್ತಲಿಲ್ಲ. ಅಡುಗೆಮನೆಗೆ ಹೋಗಿ ಗ್ರೈಂಡರಿನ ಹೊಟ್ಟೆ ಬಿಚ್ಚಿದ.

"ಅಕ್ಕಾರ, ಇದನ್ನ ಮುಟ್ಟಿದ್ರ ನಿಮಗ ಜುಮ್ ಅಂತಿರಲಿಲ್ಲೇನ್ರಿ?" ಎಂದು ಹನುಮಕ್ಕನನ್ನು ಕೇಳಿದ.

"ಅಂತಿತ್ತಪ್ಪ. ನರದ ದೋಷ ಅಂತ ಎಣ್ಣಿ ತಿಕ್ಕೊಂತಿದ್ದೆ."

"ಎಣ್ಣಿ!" ಎಂದು ಖಾಜಾ ಹಣೆ ಬಡಿದುಕೊಂಡ. "ನೀವು ಮರದ ಮಣಿ ಮ್ಯಾಲ ನಿಂತು ರುಬ್ಬತೀರಿ, ಅದಕ್ಕ ಉಳದೀರಿ. ಇದರ ಮೋಟಾರಿನ ವೈಂಡಿಂಗ್ ತಂತಿ ಸುಟ್ಟು ಕರೆಂಟ್ ಸೋರಾಕತ್ತೈತಿ. ಸೋರಿದ್ದು ಅರ್ತ್ ತಂತಿ ಹಿಡಕೊಂಡು ಮಣ್ಣಿಗಿ ಹೋಗ್ಬೇಕು. ಹೋಗಾಕ ದಾರಿ ಇಲ್ಲ. ಅದ ತಂತಿ ಹಿಡಕೊಂಡು ಕಂಪ್ಯೂಟರ್ ಡಬ್ಬಕ್ಕ ಬಂದೈತಿ. ಹುಡುಗಿ ಆರಿಸಿದ್ದು ಒಂದೂ ತಪ್ಪಿಲ್ಲ." ಆಮೇಲೆ ನನ್ನ ಕಡೆ ತಿರುಗಿದ. "ಉಸ್ತಾದರು ಈ ಮನಿಗಿ ಅರ್ತ್ ಗುಂಡಿ ಮಾಡಿದ್ದಾಗ ನಾನ ಇದ್ದಿಲು ಹೊತ್ತಿದ್ದೆ. ಹಿತ್ತಲಾಗ ಬೇವಿನ ಗಿಡದ ಹತ್ರ ಒಂದು ಪೈಪು ಇತ್ತಲ್ರಿ ಗಂಗಕ್ಕ. ಎಲ್ಲಿ ಅದು?"

ನೀನು ಆ ಬೇವಿನ ಬುಡದಲ್ಲಿ ಪ್ರತಿ ಬೇಸಿಗೆ ಕೊಡಗಟ್ಟಲೆ ನೀರು ಹೊಯ್ಯುತ್ತಿದ್ದೆಯಲ್ಲ, ತಮ್ಮಾ. ಮರಕ್ಕಲ್ಲ, ಮರದಿಂದ ನಾಲ್ಕು ಹೆಜ್ಜೆ ಈಚೆಗೆ, ನೆಲದಿಂದ ಗೇಣುದ್ದ ತಲೆ ಎತ್ತಿದ್ದ ತುಕ್ಕು ಹಿಡಿದ ಪೈಪಿನ ಬಾಯಿಗೆ. ಹಿಡಿ ಉಪ್ಪು ಹಾಕುತ್ತಿದ್ದೆ. ಚಪ್ಪಲಿ ಬಿಟ್ಟು ಹೋಗುತ್ತಿದ್ದೆ. ಒಂದು ಸಲ ನಾನು ಕೇಳಿದ್ದೆ, ಇದೇನಪ್ಪ ಅಂತ. "ಇದಕ್ಕೂ ಬಾಯಾರಿಕಿ ಆಕ್ಕೈತಕ್ಕ" ಅಂದೆ, ನಕ್ಕೆ, ಅಷ್ಟೇ. ಉಪ್ಪು, ನೀರು, ಬೇವಿನ ನೆರಳು. ನಾನು ಏನಂದುಕೊಳ್ಳಲಿ? ಮಡಕಶಿರದಲ್ಲಿ ಹುತ್ತಕ್ಕೆ ಉಪ್ಪು ಹಾಕುವವರನ್ನು ಕಂಡವಳು. ನನ್ನ ತಮ್ಮ ಯಾವುದೋ ದೇವರಿಗೆ ಗುಟ್ಟಾಗಿ ನಡೆದುಕೊಳ್ಳುತ್ತಿದ್ದಾನೆ ಅಂದುಕೊಂಡೆ. ಹನುಮಕ್ಕನೂ ಹಾಗೇ ಅಂದುಕೊಂಡಿದ್ದಳು. ಬದುಕಿಡೀ ಕರೆಂಟಿನ ಜೊತೆ ಸೆಣಸಿದರೂ ಅದು ನಿನ್ನನ್ನು ಮುಟ್ಟಲಿಲ್ಲ, ಆ ದೇವರೇ ಕಾದದ್ದು ಅನ್ನುತ್ತಿದ್ದೆವು. ಕೊನೆಗೆ ನಿನ್ನ ಎದೆಯೇ ಕೈಕೊಟ್ಟಿತು.

ನಿನ್ನ ವರ್ಷದ ತಿಥಿಗೆ ಬಂದಾಗ ಗಾರೆಯವನನ್ನು ಕರೆಸಿ ಅಲ್ಲಿ ಕಟ್ಟೆ ಕಟ್ಟಿಸಿದವಳು ನಾನು. ಕಲ್ಲು ನಿಲ್ಲಿಸಿ ಅರಿಶಿನ ಹಚ್ಚಿದವಳು ನಾನು. ಪೈಪು ಅಡ್ಡ ಬರುತ್ತದೆ ಎಂದು ಅವನು ಕೇಳಿದಾಗ ನಾನು ಆಡಿದ ಮಾತು ಅಕ್ಷರ ಬಿಡದೆ ನೆನಪಿದೆ: "ಆ ತುಕ್ಕಿನ ಪೈಪು ದೇವರ ಮುಂದೆ ಯಾಕಪ್ಪ, ಕೊಯ್ದು ಹಾಕು." ಅವನು ಪೈಪನ್ನೂ ಕೊಯ್ದ, ಅದಕ್ಕೆ ಸುತ್ತಿದ್ದ ತಂತಿಯನ್ನೂ ಕೊಯ್ದ. ಸಿಮೆಂಟು ಮುಚ್ಚಿದೆವು. ಬೀದಿಯವರು ಅದಕ್ಕೆ ಎರ್ರಿಸ್ವಾಮಿ ಕಟ್ಟೆ ಎಂದು ಹೆಸರಿಟ್ಟರು. ಸುಂಕಮ್ಮ ಮಗಳಿಗೆ ಮಗುವಾಗಲಿ ಎಂದು ಅಲ್ಲೇ ತೊಟ್ಟಿಲು ಕಟ್ಟಿದ್ದಳು. ನಿನ್ನನ್ನು ದೇವರು ಮಾಡಿ, ನೀನು ಮಾಡಿದ್ದ ಕೆಲಸವನ್ನು...

ಖಾಜಾ ಗೋಡೆಯ ಮೇಲಿನ ಹಸಿರು ತಂತಿ ಹಿಡಿದು ಹಿತ್ತಲಿಗೆ ನಡೆದ. ಅದು ಕಟ್ಟೆಯ ಬುಡದಲ್ಲಿ ಮುಗಿದಿತ್ತು. ಅವನು ಬಗ್ಗಿ ಸಿಮೆಂಟನ್ನು ಬೆರಳಿನಿಂದ ತಟ್ಟಿ ನೋಡಿದ. ನಿನ್ನ ಮಗಳನ್ನು ಕೆಡವಿದ್ದು ಅಂಗಡಿಯ ಡಬ್ಬವಲ್ಲ, ಆಟವಲ್ಲ, ನನ್ನ ಭಕ್ತಿ. ಆಮೇಲೆ ಹಾರೆ ಕೇಳಿ ಇಸಿದುಕೊಂಡೆ.

"ಅಯ್ಯಯ್ಯೋ, ದೇವ್ರ ಕಟ್ಟಿಗಿ ಹಾರಿ ಹಾಕ್ತೀರೇನ್ರಿ ಗಂಗಕ್ಕ!" ಸುಂಕಮ್ಮ ಕೈ ಹಿಡಿದಳು.

"ಕಟ್ಟಿಸಿದೋಳು ನಾನು, ಕೆಡವೋಳೂ ನಾನೇ ಕಣಮ್ಮ. ಪಾಪ ಬಂದ್ರೆ ನನ್ನ ತಲೆ ಮೇಲೆ ಬರ್ಲಿ, ಬಿಡು."

ಮೊದಲ ಏಟು ಹಾಕುವಾಗ ನಿನ್ನ ಹೆಸರೇ ಹೇಳಿದೆ. ನಾಲ್ಕು ಏಟಿಗೆ ನನ್ನ ಉಸಿರು ಮುಗಿಯಿತು, ಉಳಿದದ್ದನ್ನು ಖಾಜಾ ಒಡೆದ. ಸಿಮೆಂಟಿನ ಕೆಳಗೆ ಕಪ್ಪು ಇದ್ದಿಲು, ಕಲ್ಲಿನಂತೆ ಗಟ್ಟಿಯಾದ ಉಪ್ಪು, ಕತ್ತು ಕೊಯ್ದ ಪೈಪು. ಮಣ್ಣು ಒಣಗಿ ಬೂದಿಯಾಗಿತ್ತು. ಒಣ ಮಣ್ಣು ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲವಂತೆ, ಅದಕ್ಕೇ ನಿನ್ನ ಉಪ್ಪು, ನಿನ್ನ ನೀರು. ಅವನು ಹಳೆಯದನ್ನು ತೋಡಿ ಹೊಸ ಇದ್ದಿಲು, ಉಪ್ಪು ತುಂಬಿ, ಪೈಪು ಎತ್ತರಿಸಿ, ಹೊಸ ತಂತಿ ಬಿಗಿದ. ನಾಗವೇಣಿ ತಲೆಗೆ ಪಟ್ಟಿ ಕಟ್ಟಿಕೊಂಡೇ ಎದ್ದು ಬಂದು ಕೊಡ ಎತ್ತಿದಳು. ಒಂದು ಕೊಡ, ಎರಡು, ಮೂರು. ನೆಲ ಗುಟುಗುಟು ಅಂತ ಕುಡಿಯಿತು. ಮೂರು ವರ್ಷದ ಬಾಯಾರಿಕೆ, ತಮ್ಮಾ.

ಖಾಜಾ ಮತ್ತೆ ಬಲ್ಬು ಇಟ್ಟಾಗ ಅದು ಮನೆ ತುಂಬ ಬೆಳಗಿತು. ಹಾಡುಹಗಲಲ್ಲಿ ಒಂದು ಬಲ್ಬು ನೋಡುತ್ತ ನಾವು ನಾಲ್ಕು ಜನ ನಿಂತಿದ್ದೆವು. ಹನುಮಕ್ಕ ನಿನ್ನ ಫೋಟೋದ ಮುಂದೆ ಹೋಗಿ, "ಅಷ್ಟು ವರ್ಷ ನೀರು ಹೊಯ್ದ್ರಿ, ನಮಗೊಂದ್ ಮಾತು ಹೇಳಾಕ ಏನಾಗಿತ್ರಿ ನಿಮಗ?" ಎಂದು ಬೈದಳು. ಚೆನ್ನಾಗಿಯೇ ಬೈದಳು, ಕೇಳಿಸಿರಬೇಕು. ಆಮೇಲೆ ತಾನೇ ಹೋಗಿ ಕಂಬಳಿ ತೆಗೆದಳು. ಗ್ರೈಂಡರು ಈಗ ಖಾಜಾನ ಅಂಗಡಿಯಲ್ಲಿದೆ. ಸುಂಕಮ್ಮ ಮಾರನೆಯ ದಿನ ಬಂದು, "ನಮ್ಮ ಮನೀದೂ ಒಂದೀಟು ನೋಡಂತ ಹೇಳ್ರಿ" ಎಂದು ಮೆಲ್ಲಗೆ ಕೇಳಿದಳು. ಕಲ್ಲು ಈಗ ಬೇವಿನ ಬುಡದಲ್ಲಿದೆ, ತೊಟ್ಟಿಲೂ ಅಲ್ಲೇ. ಪೈಪಿನ ಬಾಯಿ ತೆರೆದಿದೆ.

ನಿನ್ನೆ ಸಂಜೆ ನಾಗವೇಣಿ ಮತ್ತೆ ಲಾರಿ ಹತ್ತಿದಳು, ಈ ಸಲ ಕಾಲಿಗೆ ಚಪ್ಪಲಿ ಹಾಕಿಕೊಂಡು. ಬೆಟ್ಟದ ತಿರುವಿನಲ್ಲಿ ಒಂದು ಕಡೆ ಗಾಡಿ ನಿಲ್ಲಿಸಿದಳು. "ಯಾಕವ್ವ ನಿಲ್ಲಿಸಿದಿ, ಡೀಸಲ್ ಮುಗೀತೇನು?" ಎಂದು ಯಾರೋ ಬರೆದರು. "ಇಲ್ಲ್ರಿ. ನಿಮ್ಮ ನಿಮ್ಮ ಮನ್ಯಾಗ ಅರ್ತ್ ಎಲ್ಲೈತಿ ಅಂತ ಹೋಗಿ ನೋಡಿ ಬರ್ರಿ. ಅಲ್ಲೀತನಕ ಗಾಡಿ ಬಿಡಲ್ಲ" ಅಂದಳು. ನಿಜವಾಗಿ ನಿಲ್ಲಿಸಿಯೇ ಕೂತಳು! "ನಮ್ಮಪ್ಪ ಎರ್ರಿಸ್ವಾಮಿ ಅಂತ" ಎಂದು ಶುರು ಮಾಡಿ ನಿನ್ನ ಕಥೆಯನ್ನೆಲ್ಲ ಹೇಳಿದಳು, ನನ್ನ ಕಟ್ಟೆಯನ್ನೂ ಬಿಡಲಿಲ್ಲ. ನೀನು ಇಲ್ಲದ ಈ ಮೂರು ವರ್ಷದಲ್ಲಿ ಅವಳ ಬಾಯಿಂದ ನಿನ್ನ ಹೆಸರು ಅಷ್ಟು ಜೋರಾಗಿ ನಾನು ಕೇಳಿರಲಿಲ್ಲ.

ಇಲ್ಲಿಯ ನೀರು ಇನ್ನು ನಿಲ್ಲುವುದಿಲ್ಲ. ನಾಗವೇಣಿ ಕೊಡ ಹೊರುತ್ತಾಳೆ, ಮಾತು ಕೊಟ್ಟಿದ್ದಾಳೆ. ಆದರೆ ನಾನು ನಾಳೆ ಮಡಕಶಿರಕ್ಕೆ ಹೋಗುತ್ತೇನೆ. ಈ ಬೆಳಿಗ್ಗೆ ಬಟ್ಟೆ ಮಡಚುವಾಗ ಥಟ್ಟನೆ ಒಂದು ನೆನಪು ಬಂದು ಮಡಚಿದ್ದು ಕೈಯಿಂದ ಜಾರಿತು. ನಮ್ಮ ಮನೆಗೆ ವೈರಿಂಗ್ ಮಾಡಿದವನೂ ನೀನೇ. ಬಂದಾಗಲೆಲ್ಲ ಚಹಾ ಕುಡಿಯುವ ಮೊದಲೇ ಒಂದು ಬಕೆಟ್ ನೀರು ಹಿಡಿದು ಹಿತ್ತಲಿಗೆ ಹೋಗುತ್ತಿದ್ದೆ. ಬಸ್ಸಿನ ಧೂಳಿಗೆ ಕಾಲು ತೊಳೆಯಲು ಹೋಗುತ್ತಿದ್ದಾನೆ ಅಂದುಕೊಂಡು ನಾನು ಟವಲು ಹಿಡಿದು ನಿಲ್ಲುತ್ತಿದ್ದೆ. ನಿನ್ನ ಕಾಲು ಒಂದು ದಿನವೂ ಒದ್ದೆಯಾಗಿರಲಿಲ್ಲವಲ್ಲೋ!

ಎಲ್ಲಿ ಹೊಯ್ಯುತ್ತಿದ್ದೆ? ನುಗ್ಗೆ ಗಿಡದ ಪಕ್ಕದಲ್ಲಾ, ಬಟ್ಟೆ ಒಗೆಯುವ ಕಲ್ಲಿನ ಹಿಂದೆಯಾ? ಆ ಕಡೆ ಕಸದ ಗುಡ್ಡೆ ಬೆಳೆದಿದೆ, ಏನೂ ಕಾಣುವುದಿಲ್ಲ. ಖಾಜಾ ಬಂದು ಹುಡುಕಿಕೊಡುತ್ತೇನೆ ಅಂದಿದ್ದಾನೆ, ಆದರೂ ನಿನ್ನ ಕೈಯಿಂದಲೇ ಗೊತ್ತಾದರೆ ನನಗೆ ಸಮಾಧಾನ. ಕಾಗದ ಮುಟ್ಟಿದ ಕೂಡಲೇ ಎರಡು ಸಾಲು ಬರಿ, ತಮ್ಮಾ. ತಡ ಮಾಡಬೇಡ. ಬಿಸಿಲು ಆಗಲೇ ಏರುತ್ತಿದೆ.

ನಿನ್ನ ಅಕ್ಕ,
ಗಂಗಮ್ಮ